ಒಂದು ಕ್ಯಾಂಟೀನ್ ಪ್ರಪೋಸಲ್ಲೂ ಒಂದು ಮೊಣಕಾಲೂ

ನಮ್ಮ ಅಂಗಡಿಯಲ್ಲಿ ನಗು ಬರುವಂಥದ್ದು ಏನೂ ಆಗದ ದಿನ ಅಂದರೆ ಕರೆಂಟ್ ಇಲ್ಲದ ದಿನ ಮಾತ್ರ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರಿನವರ ಅರ್ಜಿ, ಕೊಟೇಶನ್, ಪ್ರಪೋಸಲ್ ಎಲ್ಲ ನಾನೇ ಟೈಪ್ ಮಾಡಿಕೊಟ್ಟದ್ದು. ನನ್ನ ಬಾಯಿ ಸ್ವಲ್ಪ ಜೋರು, ಅದು ಎಲ್ಲರಿಗೂ ಗೊತ್ತುಂಟು. ಆದರೆ ಈ ಎಐ ಅಂಗಡಿಗೆ ಬಂದ ಮೇಲೆ ನಾನು ಬೈದದ್ದು ಕಡಿಮೆ, ಬಾಯಿ ಬಿಟ್ಟುಕೊಂಡು ನೋಡಿದ್ದೇ ಹೆಚ್ಚು.

ಬಾವಿ

ಮೊದಲು ಪರೀಕ್ಷೆ ಮಾಡಿದ್ದು ಶಿರ್ತಾಡಿಯ ಒಬ್ಬರ ಮೇಲೆ. ಬಾವಿಯ ಕೆಸರು ತೆಗೆಯುವ ಕೆಲಸ ಅವರದ್ದು. ಮನೆಮನೆಗೆ ಕೊಡಲಿಕ್ಕೆ ಒಂದು ಕಾಗದ ಬೇಕಿತ್ತು. ನಾನು ಎಐಗೆ ಒಂದೇ ಗೆರೆ ಹಾಕಿದೆ: "ಬಾವಿ ಕ್ಲೀನ್ ಮಾಡುವವರು. ಓದಿದವರು ಕೂಡಲೇ ಕರೆಯುವ ಹಾಗೆ ಬರೆದು ಕೊಡು."

ಅಬ್ಬಬ್ಬಾ! ನಾನು ನೀರಿನ ಲೋಟ ಕೆಳಗಿಡುವುದರೊಳಗೆ ಒಂದು ಪುಟ ಬಂತು. ಮಕ್ಕಳ ಆರೋಗ್ಯ, ಅಜ್ಜ ತೋಡಿದ ಬಾವಿಯ ಋಣ, ತಳದಲ್ಲಿ ಕಾಣದೆ ಕೂತ ಕೆಸರು, ಒಂದೊಂದೂ ಎದೆಗೆ ತಾಗುವ ಹಾಗೆ. ಓದುತ್ತಾ ಓದುತ್ತಾ ನನಗೆ ಹೆದರಿಕೆಯೇ ಆಯಿತು. ಕೊನೆಗೆ, "ನಾಳೆ ನಮ್ಮ ಮನೆಗೂ ಬನ್ನಿ, ಮೊದಲು ನಮ್ಮದು ಮಾಡಿ" ಅಂತ ಹೇಳಿಯೇಬಿಟ್ಟೆ.

ಅವರು ಮರುದಿನ ಹಗ್ಗ, ಬಕೆಟ್ ಎಲ್ಲ ಹಿಡಿದುಕೊಂಡು ಮನೆಗೆ ಬಂದು, ಹಿತ್ತಿಲಿಗೆಲ್ಲ ಒಂದು ಸುತ್ತು ಹಾಕಿ, "ಅಕ್ಕ, ಬಾವಿ ಎಲ್ಲಿ ಉಂಟು?" ಅಂತ ಕೇಳಿದಾಗಲೇ ನನಗೆ ನೆನಪಾದದ್ದು. ನಮ್ಮದು ನಳ್ಳಿ ನೀರು.

ವಿಶೇಷ ಏನೂ ಇಲ್ಲ

ಈಗ ಅಡುಗೆಯಣ್ಣನ ವಿಷಯಕ್ಕೆ ಬರುವ. ಅಳದಂಗಡಿ ಕಡೆಯವರು, ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸುವವರು. ಅವರ ಜೊತೆ ಎಂಟು ಜನ ಹೆಂಗಸರಿದ್ದಾರೆ, ಕಾಯಿ ತುರಿಯಲಿಕ್ಕೆ, ತರಕಾರಿ ಹೆಚ್ಚಲಿಕ್ಕೆ, ಬಡಿಸಲಿಕ್ಕೆ. ಮಳೆಗಾಲ ಬಂದರೆ ಮದುವೆ ಇಲ್ಲ, ಶುಭಕಾರ್ಯ ಮಾಡದ ಆಟಿ ತಿಂಗಳಲ್ಲಂತೂ ಒಂದು ಸೀಮಂತವೂ ಇಲ್ಲ. ಬಂಟ್ವಾಳದ ಒಂದು ಕಾರ್ಖಾನೆಯವರು ಕ್ಯಾಂಟೀನ್ ನಡೆಸಲಿಕ್ಕೆ ಪ್ರಪೋಸಲ್ ಕರೆದಿದ್ದರು.

"ಇದು ಸಿಕ್ಕದಿದ್ರೆ ಈ ಸಲ ಎಂಟು ಜನವೂ ಬೇರೆ ಕೆಲಸಕ್ಕೆ ಹೋಗ್ತಾರೆ ಅಕ್ಕ" ಅಂದರು. "ಇಬ್ಬರು ಆಗಲೇ ಹೇಳಿಯಾಯ್ತು. ಹೋದವರು ಮತ್ತೆ ಬರುವುದಿಲ್ಲ. ಹದಿನೈದು ವರ್ಷ ಒಟ್ಟಿಗೆ ಇದ್ದವರು." ಹೇಳುವಾಗ ಅವರ ಸ್ವರ ಸಣ್ಣದಾಯಿತು. ನನಗೂ ಪಾಪ ಅನ್ನಿಸಿತು.

ಎಐ ಬರೆಯುವ ಮೊದಲು ಪ್ರಶ್ನೆ ಕೇಳಿತು: ನಿಮ್ಮ ಅಡುಗೆಯ ವಿಶೇಷ ಏನು?

"ಹಾಗೆ ವಿಶೇಷ ಏನೂ ಇಲ್ಲ" ಅಂದರು ಅಡುಗೆಯಣ್ಣ. "ಏನೋ ಸಾಧಾರಣ ಮಾಡ್ತೇವೆ."

ತಪ್ಪು ಅವರದ್ದಲ್ಲ. ನಮ್ಮಲ್ಲಿ ಅಡುಗೆಯವರು ತಮ್ಮ ಅಡುಗೆ ಹೊಗಳುವ ಕ್ರಮವೇ ಇಲ್ಲ. ಜನ ಮೂರು ಸಲ ಪಾಯಸ ಹಾಕಿಸಿಕೊಂಡು ತೇಗಿದರೂ ಇವರು ಪಂಕ್ತಿಯ ತುದಿಯಲ್ಲಿ ಕೈಕಟ್ಟಿ ನಿಂತು, "ಹೆಚ್ಚುಕಮ್ಮಿ ಆದ್ರೆ ಬೇಸರ ಮಾಡ್ಬೇಡಿ" ಅನ್ನುವವರು.

ಎಐಯ ಎರಡನೇ ಪ್ರಶ್ನೆ: ನಿಮ್ಮ ಕೊರತೆಗಳೇನು? ಅದಕ್ಕೆ ನೋಡಿ, ಕಾಲು ಗಂಟೆ ಮಾತಾಡಿದರು! ವ್ಯಾನಿನ ಬಾಗಿಲಿಗೆ ಹಗ್ಗ ಕಟ್ಟಿದ್ದು, ಒಂದು ಮದುವೆಯಲ್ಲಿ ನಾಲ್ಕು ವರ್ಷದ ಹಿಂದೆ ಪಾಯಸ ಚೂರು ತಳ ಹಿಡಿದದ್ದು, ಯಾರೋ ಒಬ್ಬರಿಗೆ ಎರಡನೇ ಸಲ ಸಾರು ಸಿಕ್ಕದೆ ಹೋದದ್ದು. ನನಗೆ ತಲೆ ಕೆಟ್ಟು ಎಲ್ಲವನ್ನೂ ಹಾಗೆಯೇ ಟೈಪ್ ಮಾಡಿ ಹಾಕಿದೆ.

ಅದು ಏನು ಬರೆಯಿತು ಗೊತ್ತುಂಟಾ? "ಒಂದು ಪಾಯಸದ ತಪ್ಪನ್ನು ನಾಲ್ಕು ವರ್ಷ ಮರೆಯದವರು. ಸಾರು ಸಿಗದೆ ಎದ್ದ ಒಬ್ಬರೇ ಒಬ್ಬರನ್ನು ಇಂದಿಗೂ ನೆನೆಯುವವರು." ಕೊರತೆಯನ್ನೆಲ್ಲ ಕಿರೀಟ ಮಾಡಿ ತಲೆಗೆ ಇಟ್ಟುಬಿಟ್ಟಿತು ಮಾರಾಯ್ರೆ! ನಾನು ಸ್ಕ್ರೀನಿಗೆ ಕೈ ಮುಗಿದೆ.

ಅಡುಗೆಯಣ್ಣ ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ, "ಈ ಅಡುಗೆಯವರು ಯಾರಕ್ಕ? ನನ್ನ ತಂಗಿಯ ಮಗಳ ಮದುವೆ ಉಂಟು, ಇವರ ನಂಬರ್ ಸಿಕ್ಕಬಹುದಾ?" ಅಂತ ಕೇಳಿದರು.

ಹೋದ ಹಾಗೆಯೇ ಬಂದ ಕವರ್

ಅಷ್ಟಕ್ಕೇ ಬಿಡಬೇಕಿತ್ತು. ನನಗೆ ಆಸೆ ಹೆಚ್ಚಾಗಿ "ಇನ್ನೂ ಜೋರು ಮಾಡು, ಮೊದಲ ಗೆರೆಯಲ್ಲೇ ವಿಷಯ ಕೇಳು" ಅಂತ ಹಾಕಿದೆ. "ನಿಮ್ಮ ಕ್ಯಾಂಟೀನ್ ನಮಗೇ ಕೊಡಿ" ಅಂತ ಶುರುವಾಯಿತು ಕಾಗದ. ಬೇಳೆ ಸಾರು ಕಾರ್ಖಾನೆಯ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ ಅಂತ ಮುಗಿಯಿತು.

ಅಡುಗೆಯಣ್ಣ ಅದನ್ನು ಕವರಿಗೆ ಹಾಕಿ, ಸಿದ್ಧಕಟ್ಟೆ ಮೇಲೆ ಹೋಗುವ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದರು. ಸಂಜೆ ಅದೇ ಕವರ್ ಹಿಡಿದುಕೊಂಡು ವಾಪಸ್ ಬಂದರು.

"ಏನಾಯ್ತು? ಮ್ಯಾನೇಜರ್ ಇರಲಿಲ್ವಾ?"

"ಇದ್ರು. ಒಳ್ಳೆ ಜನ. ಅವರ ಗೃಹಪ್ರವೇಶಕ್ಕೆ ನಾನೇ ಅಡುಗೆ ಮಾಡಿದ್ದು. ಚಾ ಕೊಟ್ರು, ಅರ್ಧ ಗಂಟೆ ಮಾತಾಡಿದೆವು. ಅವರ ಅಮ್ಮನಿಗೆ ಮೊಣಕಾಲು ನೋವಂತೆ."

"ಮತ್ತೆ ಕಾಗದ?"

"ಹೊರಡುವಾಗ ಚಪ್ಪಲಿ ಹಾಕ್ತಾ ವಿಷಯ ತೆಗೆಯುವ ಅಂತ ಇದ್ದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು."

ನನಗೆ ನೆತ್ತಿಗೇರಿತು. ಆದರೆ ಏನು ಹೇಳುವುದು? ನಮ್ಮವರೆಲ್ಲ ಹಾಗೆಯೇ. ಹೆಣ್ಣು ಕೇಳಲಿಕ್ಕೆ ಹೋದವರೂ ಮಳೆ, ಬೆಳೆ, ದನದ ಹಾಲು ಎಲ್ಲ ಮಾತಾಡಿ ಚಪ್ಪಲಿ ಹಾಕುವಾಗ, "ಮತ್ತೆ ಒಂದು ವಿಷಯ ಇತ್ತು" ಅನ್ನುವವರು. ನಾನು ಕೂಡ ಈ ಅಂಗಡಿಯ ಬಾಡಿಗೆಗೆ ಮಾತಾಡಿದ್ದು ಮಾಲೀಕರ ಗೇಟಿನ ಹೊರಗೆ ನಿಂತೇ.

ಚಪ್ಪಲಿ ಹಾಕುವ ಕ್ರಮ

ಪ್ರಪೋಸಲ್ ಕೊಡಲಿಕ್ಕೆ ಮರುದಿನವೇ ಕೊನೆಯ ದಿನ. ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಬಂದು, "ಮೊದಲ ಗೆರೆಯಲ್ಲೇ ಕೇಳುವ ಕಾಗದ ನನ್ನ ಕೈಯಿಂದ ಕೊಡ್ಲಿಕ್ಕೆ ಆಗುವುದಿಲ್ಲ ಅಕ್ಕ, ನಾಚಿಕೆ ಆಗ್ತದೆ" ಅಂತ ಕೂತರು ಅಡುಗೆಯಣ್ಣ.

ಕೋಪದಲ್ಲಿ ಎಐಗೆ ಎಲ್ಲವನ್ನೂ ಟೈಪ್ ಹೊಡೆದೆ: "ಇವರು ವಿಷಯವನ್ನು ಚಪ್ಪಲಿ ಹಾಕುವಾಗ ಮಾತ್ರ ಹೇಳುವವರು. ಮೊದಲು ಕ್ಷೇಮ ವಿಚಾರಿಸಬೇಕು. ಮ್ಯಾನೇಜರರ ಗೃಹಪ್ರವೇಶಕ್ಕೆ ಇವರದ್ದೇ ಅಡುಗೆ, ಅವರ ತಾಯಿಗೆ ಮೊಣಕಾಲು ನೋವಂತೆ. ಇನ್ನು ನೀನುಂಟು, ಅವರುಂಟು."

ಬಂತು ನೋಡಿ ಎರಡು ಪುಟ. "ತಾಯಿಯವರ ಎಡ ಮೊಣಕಾಲಿನ ನೋವು ಈಗ ಹೇಗುಂಟು? ಗೃಹಪ್ರವೇಶದ ದಿನ ಅವರು ನಿಂತೇ ಎಲ್ಲರನ್ನೂ ಉಪಚರಿಸಿದ್ದು ನೆನಪಾಗುತ್ತದೆ." ಹೊಸ ಮನೆ, ಸೆಕೆ, ಕಾರ್ಖಾನೆಯವರ ಕ್ಷೇಮ ಎಲ್ಲ ವಿಚಾರಿಸಿ ಕಟ್ಟಕಡೆಗೆ: "ಹಾಗಾದರೆ ನಾನು ಹೊರಡುತ್ತೇನೆ. ಅಂದ ಹಾಗೆ, ನಿಮ್ಮ ಕ್ಯಾಂಟೀನಿನ ಒಂದು ವಿಷಯ ಇತ್ತು. ನಾವು ಒಂಬತ್ತು ಜನ ಇದ್ದೇವೆ. ಏನೋ ಸಾಧಾರಣ ಮಾಡ್ತೇವೆ."

ನನಗೆ ಹರಿದು ಬಿಸಾಡುವ ಅಂತ ಕಂಡಿತು. ಅಡುಗೆಯಣ್ಣನ ಮುಖ ಮಾತ್ರ ಅರಳಿತು. "ಈಗ ಸರಿ ಆಯ್ತು ನೋಡಿ! ಈ ಎಐ ನಮ್ಮ ಊರಿನದ್ದೇ ಅಕ್ಕ, ಹೊರಗಿನದ್ದು ಅಂತ ಸುಳ್ಳು ಹೇಳ್ತದೆ" ಅಂದವರು ಬಸ್ಸಿಗೆ ಓಡಿದರು.

ಎಡಗಾಲು

ಹತ್ತು ದಿನ ಸುದ್ದಿ ಇಲ್ಲ. ನನಗೆ ಊಟ ಸೇರಲಿಲ್ಲ, ಎಂಟು ಜನ ಹೆಂಗಸರ ಕೆಲಸ ನಾನೇ ಹಾಳು ಮಾಡಿದೆನಾ ಅಂತ. ಹನ್ನೊಂದನೇ ದಿನ ಅಡುಗೆಯಣ್ಣ ಬಂದರು, ಕೈಯಲ್ಲಿ ಪಾಯಸ ತುಂಬಿದ, ಹಿಡಿಕೆ ಇರುವ ತೂಕುಪಾತ್ರೆ.

"ಸಿಕ್ಕಿತು ಅಕ್ಕ! ಎಂಟು ಜನವೂ ಇದ್ದಾರೆ, ಹೋಗ್ತೇನೆ ಅಂದ ಇಬ್ಬರೂ!" ಅಂದರು. ನನ್ನ ಕಣ್ಣಲ್ಲಿ ನೀರೇ ಬಂತು.

ಆದದ್ದು ಇಷ್ಟು. ಬಂದ ಪ್ರಪೋಸಲುಗಳನ್ನೆಲ್ಲ ಓದಲಿಕ್ಕೆ ಪುರುಸೊತ್ತಿಲ್ಲದೆ ಮ್ಯಾನೇಜರೂ ಎಐಗೇ ಕೊಟ್ಟು, ಒಂದೊಂದು ಗೆರೆಯಲ್ಲಿ ಸಾರಾಂಶ ಹೇಳು ಅಂದಿದ್ದರಂತೆ. ಉಳಿದವರದ್ದೆಲ್ಲ ಒಂದೇ ಗೆರೆ: "ತಾವೇ ಅತ್ಯುತ್ತಮ ಎನ್ನುತ್ತಾರೆ." ನಮ್ಮದಕ್ಕೆ ಮಾತ್ರ: "ನಿಮ್ಮ ತಾಯಿಯ ಎಡ ಮೊಣಕಾಲು ಹೇಗಿದೆ ಎಂದು ವಿಚಾರಿಸಿದ್ದಾರೆ. ಅಡುಗೆಯನ್ನೂ ಮಾಡುತ್ತಾರೆ."

ಅವರು ಕಾಗದವನ್ನು ಮನೆಗೆ ಒಯ್ದು ತಾಯಿಗೆ ಓದಿ ಹೇಳಿದರಂತೆ. "ಆ ಪಾಯಸದವನಾ? ಇನ್ನೇನು ನೋಡ್ಲಿಕ್ಕುಂಟು, ಅವನಿಗೇ ಕೊಡು" ಅಂದರಂತೆ ಅಮ್ಮ.

"ಆದ್ರೆ ಆ ಅಮ್ಮನದ್ದೊಂದು ಪ್ರಶ್ನೆ ಉಂಟು" ಅಂದರು ಅಡುಗೆಯಣ್ಣ, ಆಗಲೇ ಎದ್ದು ಚಪ್ಪಲಿ ಹಾಕುತ್ತಾ. "'ನನಗೆ ನೋವು ಎಡಗಾಲಿಗೆ ಅಂತ ಹೆತ್ತ ಮಗನಿಗೇ ಗೊತ್ತಿಲ್ಲ, ನಿನಗೆ ಹೇಗೆ ಗೊತ್ತಾಯ್ತು?' ಅಂತ ಕೇಳಿದ್ರು. ನಾನು ನಿಮ್ಮತ್ರ ಮೊಣಕಾಲು ಅಂತ ಮಾತ್ರ ಹೇಳಿದ್ದು ಅಲ್ವಾ ಅಕ್ಕ?"

ಹೌದಲ್ಲ! ನಾನೂ ಎಡ ಅಂತ ಹಾಕಿರಲಿಲ್ಲ. ಮೈಯೆಲ್ಲ ಜುಂ ಅಂದಿತು. ಇಬ್ಬರೂ ಕಂಪ್ಯೂಟರಿನ ಮುಂದೆ ಹೋಗಿ ನಿಂತೆವು. ಟೈಪ್ ಮಾಡಿ ಕೇಳಿದೆ: "ಆ ಅಮ್ಮನದ್ದು ಎಡ ಮೊಣಕಾಲು ಅಂತ ನಿನಗೆ ಹೇಗೆ ತಿಳಿಯಿತು?"

ಉತ್ತರ ಕೂಡಲೇ ಬಂತು: "ಕ್ಷಮಿಸಿ, ಅದು ನನ್ನ ತಪ್ಪು. ಬಲ ಮೊಣಕಾಲು ಎಂದು ತಿದ್ದಿಕೊಡಲೇ?"