ಸೀಮೆಬದನೆ ಬಳ್ಳಿಗೆ ಜಾಮೀನು

ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಇರಬೇಕೋ ತರಕಾರಿ ಬಳ್ಳಿ ಇರಬೇಕೋ ಎಂಬುದು ನನ್ನ ಮತ್ತು ನನ್ನ ಹೆಂಡತಿ ಒಬ್ದೂಲಿಯಾಳ ನಡುವಿನ ಗಡಿ ವಿವಾದ. ನಮ್ಮ ಬೆಟ್ಟದೂರು ಕೋಆತೆಪೆಕ್‌ನಲ್ಲಿ ಮಂಜು ಹೆಚ್ಚು, ಬಿಸಿಲು ಕಡಿಮೆ. ಬಂದಷ್ಟು ಬಿಸಿಲು ನಮ್ಮ ಹಿತ್ತಲಿನ ಒಂದೇ ಮೂಲೆಗೆ ಬೀಳುತ್ತದೆ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಆ ಮೂಲೆಯನ್ನು ನಾನು ಸೀಮೆಬದನೆಗೆಂದು ಕೇಳಿದೆ. ಊರಿನ ಬೇಲಿಬೇಲಿಯ ಮೇಲೂ ಅದು ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುತ್ತದೆ. ನನ್ನ ಕೈಯಲ್ಲೂ ಬೆಳೆದೀತು ಎಂದು ನಂಬಲು ಅಷ್ಟು ಸಾಕಿತ್ತು.

"ಜೂನ್ ಕೊನೆಗೆ ಬರೋ ಸಾನ್ ಹುವಾನ್ ಹಬ್ಬದವರೆಗೆ ಇಟ್ಕೋ," ಎಂದಳು ಒಬ್ದೂಲಿಯಾ. "ಅಷ್ಟರಲ್ಲಿ ಈ ಹಿತ್ತಲಲ್ಲಿ ಒಂದು ಕಾಯಾದ್ರೂ ಬಿಟ್ಟಿರಬೇಕು. ಇಲ್ಲಾಂದ್ರೆ ನನ್ನ ಹಗ್ಗ ವಾಪಸ್ ಕಟ್ತೀನಿ. ಆಮೇಲೆ ಅಳೋ ಹಾಗಿಲ್ಲ, ಮುದುಕಾ."

(ನಮ್ಮಲ್ಲಿ ಮದುವೆಯಾದ ಹೊಸತರಲ್ಲೇ ಹೆಂಡತಿಯ ಬಾಯಲ್ಲಿ ಗಂಡ ಮುದುಕನಾಗಿಬಿಡುತ್ತಾನೆ. ನಾನು ನಿಧಾನವಾಗಿ ಆ ಹೆಸರಿಗೆ ತಕ್ಕವನಾಗಿದ್ದೇನೆ.)

ಸೀಮೆಬದನೆಯನ್ನು ಇಡೀ ಕಾಯಿಯಾಗಿಯೇ ನೆಡಬೇಕು, ಮೊಳಕೆಯ ಮೂತಿ ಮಣ್ಣಿನ ಮೇಲೆ ಕಾಣುತ್ತಿರಬೇಕು. ಇದು ತಿಳಿಯದೆ ಮೊದಲನೆಯದನ್ನು ಆಳವಾಗಿ ಹೂತು, ಮೇಲೆ ಮಣ್ಣೆಳೆದು, ಸಕಲ ಮರ್ಯಾದೆಗಳೊಂದಿಗೆ ಅಂತ್ಯಕ್ರಿಯೆ ಮುಗಿಸಿದೆ. ಎರಡನೆಯದನ್ನು ತಲೆಕೆಳಗಾಗಿ ನೆಟ್ಟೆ. ಅದೂ ಕೊಳೆಯಿತು. ಅನಂತರ ಬಲ್ಲವರನ್ನು ಕೇಳಲು ಹೊರಟೆ.

ಶುಕ್ಲಪಕ್ಷದಲ್ಲಿ ನೆಡಬೇಕು ಎಂದ ಕ್ಷೌರದಂಗಡಿಯವನು. ಛೇ, ಕೃಷ್ಣಪಕ್ಷ ಎಂದಳು ಮಾರುಕಟ್ಟೆಯ ಈರುಳ್ಳಿಯವಳು. ಅತ್ತೆಯವರು ಚಂದ್ರನನ್ನೇ ಬದಿಗೆ ತಳ್ಳಿದರು.

"ಒಂಟಿ ಕಾಯಿ ನೆಟ್ರೆ ಅದು ಸನ್ಯಾಸಿ ಬಳ್ಳಿ ಆಗತ್ತಪ್ಪಾ. ಗಂಡೊಂದು ಹೆಣ್ಣೊಂದು, ಜೋಡಿ ನೆಡು. ಮುಳ್ಳಿರೋದು ಗಂಡು."

ಮುಳ್ಳಿರುವುದು ಹೆಣ್ಣು ಎಂದಳು ಈರುಳ್ಳಿಯವಳು. (ಅನುಭವದಿಂದ ನನಗೆ ಈರುಳ್ಳಿಯವಳ ಮಾತೇ ಸರಿ ಎನ್ನಿಸಿತು. ಅತ್ತೆಯ ಮುಂದೆ ಹೇಳಲಿಲ್ಲ.) ಹೀಗೆ ನಾನು ಪಕ್ಷಕ್ಕೂ ಲಿಂಗಕ್ಕೂ ನಡುವೆ ಓಲಾಡುತ್ತಿರುವಾಗ, ಒಬ್ದೂಲಿಯಾ ಫ್ರಿಜ್ಜಿನ ಮೇಲೆ ಇಟ್ಟು ಮರೆತಿದ್ದ ಕಾಯೊಂದು ಯಾರನ್ನೂ ವಿಚಾರಿಸದೆ ಮೊಳಕೆ ಒಡೆಯಿತು. ಅದನ್ನೇ ತಂದು ನೆಟ್ಟೆ.

ಬಳ್ಳಿ ಎದ್ದಿತು, ನೆರೆಮನೆಯ ಎತ್ತರದ ಗೋಡೆಯನ್ನು ಹಸಿರಾಗಿ ಮುಚ್ಚಿತು, ಮೇಲೇರಿ ಕಣ್ಮರೆಯಾಯಿತು. ನಮ್ಮ ಕಡೆ ಎಲೆಯೋ ಎಲೆ. ಕಾಯಿ ಮಾತ್ರ ಇಲ್ಲ. ಗೊಬ್ಬರ ಸಾಲದು ಎಂದ ಕ್ಷೌರದಂಗಡಿಯವನು. ಗೊಬ್ಬರ ಅತಿಯಾಯಿತು ಎಂದಳು ಈರುಳ್ಳಿಯವಳು. ಒಂದು ವಾರ ಹಾಕಿದೆ, ಒಂದು ವಾರ ತೆಗೆದೆ.

ಅಷ್ಟರಲ್ಲಿ ಸಾನ್ ಹುವಾನ್ ಬಂದೇಬಿಟ್ಟ.

ಕಾಯಿ ಬಿಡದ ಗಿಡಕ್ಕೆ ನಮ್ಮಲ್ಲಿ ಆ ದಿನವೇ ವಿಚಾರಣೆ. ಸೂರ್ಯ ಮೂಡುವ ಮುನ್ನ ಯಜಮಾನ ಮಚ್ಚು ಹಿಡಿದು ಗಿಡವನ್ನು ಗದರಿಸಬೇಕು. ಪಕ್ಕದಲ್ಲಿ ಇನ್ನೊಬ್ಬರು ನಿಂತು, "ಬಿಟ್ಟುಬಿಡಿ, ಮುಂದಿನ ವರ್ಷ ಕೊಡತ್ತೆ, ನಾನು ಮಾತು ಕೊಡ್ತೀನಿ," ಎಂದು ಬೇಡಿಕೊಳ್ಳಬೇಕು. ಜಾಮೀನು ಸಿಕ್ಕರೆ ಮುಂದಿನ ಸಾನ್ ಹುವಾನ್‌ವರೆಗೆ ಯಾರೂ ಗಿಡವನ್ನು ಮುಟ್ಟುವಂತಿಲ್ಲ. ಸಿಗದಿದ್ದರೆ ಕಡಿಯಲೇಬೇಕು. ನನಗೆ ಉಳಿದಿದ್ದ ದಾರಿ ಅದೊಂದೇ. ವಕೀಲಿಕೆಗೆ ಒಬ್ದೂಲಿಯಾಳನ್ನು ಕರೆದೆ. ಅವಳು ಒದ್ದೆ ಬಟ್ಟೆಯ ಬುಟ್ಟಿಯೊಂದಿಗೇ ಬಂದಳು.

"ಕೊಡ್ತೀಯೋ ಇಲ್ವೋ," ಎಂದು ಬಳ್ಳಿಯನ್ನು ಗದರಿಸಿದೆ. "ನೀರು ಕುಡಿದೆ, ಗೊಬ್ಬರ ತಿಂದೆ, ಕೊಟ್ಟಿದ್ದು ಸೊನ್ನೆ. ಇವತ್ತು ಕಡಿದು ಹಾಕ್ತೀನಿ."

ಮಚ್ಚು ಎತ್ತಿ ಕಾದೆ. ಒಬ್ದೂಲಿಯಾ ಬುಟ್ಟಿಯಿಂದ ಬಟ್ಟೆಯೊಂದನ್ನೆತ್ತಿ ಹಿಂಡಿದಳು.

"ಹೇಳೇ," ಎಂದೆ ಪಿಸುದನಿಯಲ್ಲಿ.

"ಏನು ಹೇಳ್ಲಿ? ಮುಂದಿನ ವರ್ಷ ಕೊಡತ್ತೆ ಅಂತ ನಾನು ಹೇಳಲ್ಲ. ಸಂತರ ಹಬ್ಬದ ದಿನ ಸುಳ್ಳು ಹೇಳಬಾರದು."

ತೋಳು ನೋಯತೊಡಗಿತು. ಕಡಿಯಲು ಮನಸ್ಸಿಲ್ಲ, ಇಳಿಸಲು ಸಂಪ್ರದಾಯ ಬಿಡದು. ಆಗ ಗೋಡೆಯಾಚೆಯಿಂದ ದನಿಯೊಂದು ಕೇಳಿತು. ಅದು ನೆರೆಮನೆಯಲ್ಲಿ ಕೋಳಿ ಸಾಕುವ ದೋನ್ಯಾ ಕ್ರಿಸ್ಪೀನಾಳದು.

"ಕಡೀಬೇಡಿ ದೊನ್ ಎವಾರಿಸ್ತೋ, ನಿಮ್ಮ ದಮ್ಮಯ್ಯ. ಕೊಡತ್ತೆ ಅಂತ ನಾನು ಮಾತು ಕೊಡ್ತೀನಿ. ಕೊಡ್ತಾನೇ ಇದೆ."

ಕುರ್ಚಿ ಹತ್ತಿ ಗೋಡೆಯಾಚೆ ಇಣುಕಿದೆ. ಅವಳ ಕೋಳಿಗೂಡಿನ ಚಾವಣಿಯ ತುಂಬ ನನ್ನ ಬಳ್ಳಿ ಹಬ್ಬಿತ್ತು. ಅಂಚಿನುದ್ದಕ್ಕೂ ಸೀಮೆಬದನೆಗಳು ಮದುವೆ ಚಪ್ಪರದ ದೀಪಗಳಂತೆ ತೂಗುತ್ತಿದ್ದವು. ಕೆಳಗೆ ಮಾರುಕಟ್ಟೆಗೆ ಹೊರಟ ಬುಟ್ಟಿಗಳು ಸಾಲಾಗಿ ನಿಂತಿದ್ದವು.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಗೊತ್ತಿಲ್ದೆ ಏನು. ಈಸ್ಟರಿನಿಂದ ಕಳಿಸ್ತಿದ್ದಾರೆ. ನೀನು ಸಾರಲ್ಲಿ ತಿಂತಿರೋದು ಇನ್ಯಾವುದು?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಕ್ಷೌರದವನನ್ನ ಕೇಳ್ದೆ. ಈರುಳ್ಳಿಯವಳನ್ನ ಕೇಳ್ದೆ. ನಮ್ಮಮ್ಮನ್ನೂ ಕೇಳ್ದೆ. ನನ್ನನ್ನ ಕೇಳಿದ್ಯಾ?"

ಜಾಮೀನು ಸಿಕ್ಕಿಯಾಗಿತ್ತು. ಬಳ್ಳಿ ಇನ್ನೊಂದು ವರ್ಷ ನಿಲ್ಲುತ್ತದೆ, ಅದನ್ನು ಸಾಕುವ ಹೊಣೆ ನನ್ನದು. ಈ ಹಿತ್ತಲಲ್ಲಿ ಒಂದು ಕಾಯೂ ಬಿಟ್ಟಿಲ್ಲ, ಆದ್ದರಿಂದ ಬಿಸಿಲಿನ ಮೂಲೆ ಅವಳದು. ನಾನು ಇದರಲ್ಲಿ ಗೆದ್ದೆನೋ ಸೋತೆನೋ ಎಂದು ಯೋಚಿಸುತ್ತ ಇನ್ನೂ ಕುರ್ಚಿಯ ಮೇಲೆಯೇ ನಿಂತಿದ್ದೆ.

"ಅಂದಹಾಗೆ ದೊನ್ ಎವಾರಿಸ್ತೋ," ಎಂದಳು ಕ್ರಿಸ್ಪೀನಾ, ಕಾಯೊಂದನ್ನು ಅಂಗೈಯಲ್ಲಿ ತೂಗಿ ನೋಡುತ್ತ, "ಈಚೀಚೆಗೆ ಸ್ವಲ್ಪ ಸಣ್ಣ ಬರ್ತಿವೆ. ಬೆಳಿಗ್ಗೆ ಇನ್ನೊಂದು ಕೊಡ ನೀರು ಜಾಸ್ತಿ ಹಾಕಿ."

ಮಚ್ಚು ಕೆಳಗಿಟ್ಟು ಕೊಡ ತರಲು ಹೊರಟೆ. ತಿರುಗಿದ ಕೂಡಲೇ ಒದ್ದೆ ಹೊದಿಕೆಯೊಂದು ಮುಖಕ್ಕೆ ಬಡಿಯಿತು. ಹಗ್ಗ ಆಗಲೇ ಕಟ್ಟಿಯಾಗಿತ್ತು.