ಖಾಲಿ ಬೋರ್ಡು

ವೆಂಡಲ್ ಕ್ರೌಸ್ ಮನೆಯ ಮುಂದೆ ನೆಟ್ಟಿದ್ದ ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಒಹಾಯೋದ ಆ ಊರಿನಲ್ಲಿ ಕೋರ್ಟಿನ ನ್ಯಾಯಾಧೀಶರನ್ನೂ ವೋಟು ಹಾಕಿಯೇ ಆರಿಸಬೇಕು. ಚುನಾವಣೆಗೆ ಮೂರು ವಾರವಿತ್ತು; ಪ್ರತಿ ಅಂಗಳದಲ್ಲೂ ತಮ್ಮ ಅಭ್ಯರ್ಥಿಯ ಹೆಸರಿನ ಒಂದು ಬೋರ್ಡು. ವೆಂಡಲ್‌ನ ಅತ್ತೆ ಆರ್ಲೀನ್, ಈಗಿನ ನ್ಯಾಯಾಧೀಶೆ ಟಾಲ್ಬರ್ಟ್ ಕಡೆ. ಅವನು ಕೆಲಸ ಮಾಡುವ ಮರದ ಡಿಪೋದ ಮಾಲೀಕ ಹ್ಯಾಡಕ್, ಎದುರಾಳಿ ಗ್ರೋಗನ್ ಕಡೆ. ವಾಸದ ಮನೆ ಅತ್ತೆಯದು; ಹನ್ನೊಂದು ವರ್ಷದಿಂದ ಕಾದಿದ್ದ ಮೇಸ್ತ್ರಿ ಕೆಲಸ ಹ್ಯಾಡಕ್ ಕೈಯಲ್ಲಿತ್ತು. ಇಬ್ಬರೂ ಬೋರ್ಡು ತಂದುಕೊಟ್ಟಿದ್ದರು. ವೆಂಡಲ್ ಎರಡನ್ನೂ ಗ್ಯಾರೇಜಿಗೆ ತಳ್ಳಿ, ಬಿಳಿ ಹಲಗೆಯೊಂದನ್ನು ನೆಟ್ಟು, ಇಬ್ಬರಿಗೂ ಒಂದೇ ಮಾತು ಹೇಳಿದ್ದ: "ಬಣ್ಣ ಒಣಗ್ಲಿ, ಹೆಸರು ಬರೆಸ್ತೀನಿ."

ಪುರಸಭೆಯ ಇನ್ಸ್‌ಪೆಕ್ಟರ್ ಸ್ಟಬ್ಸ್ ಬಂದ.

"ಚುನಾವಣೆ ಬೋರ್ಡಿಗೆ ಪರ್ಮಿಟ್ ಬೇಡ. ಮನೆ ಮಾರೋ ಬೋರ್ಡಿಗೂ ಬೇಡ. ಇದು ಯಾವ್ದು ಕ್ರೌಸ್ ಅವ್ರೇ?"

"ಯಾವ್ದೂ ಅಲ್ಲ."

"ಯಾವ್ದೂ ಅಲ್ಲ ಅನ್ನೋ ಕಲಮೇ ನಮ್ಮಲ್ಲಿಲ್ಲ. ಕಿತ್ಹಾಕಿ, ಇಲ್ಲಾ ಕೋರ್ಟಿಗೆ ಬನ್ನಿ."

ಕಿತ್ತರೆ ಉಳಿದೆರಡರಲ್ಲಿ ಒಂದನ್ನು ನೆಡಬೇಕು. ವೆಂಡಲ್ ಕೋರ್ಟನ್ನೇ ಆರಿಸಿಕೊಂಡ.

ವಿಚಾರಣೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಡೆಲ್ಮರ್, ಅಂಗಿ ಜೇಬಿನಲ್ಲಿ ಸದಾ ಇರುವ ಸಂವಿಧಾನದ ಪುಸ್ತಕ ಹಿಡಿದು ಹಾಜರಾದರು. "ಹೆದರ್ಬೇಡ ಮಾರಾಯ, ಮಾತಾಡೋ ಹಕ್ಕು ಕೊಡೋ ಮೊದಲ ತಿದ್ದುಪಡಿ ಇದೆ!" ಹಿಂದೆಯೇ ಅರ್ಧ ಬೀದಿ ಮದುವೆ ದಿಬ್ಬಣದಂತೆ ಹೊರಟಿತು.

ಪೀಠದಲ್ಲಿ ಟಾಲ್ಬರ್ಟ್.

"ನಿಮ್ಮ ಬೋರ್ಡು ಏನು ಹೇಳುತ್ತೆ?"

"ಏನೂ ಹೇಳಲ್ಲ ತಾಯಿ."

"ಅದೇ ಅದರ ಮಾತು!" ಹಿಂದಿನ ಬೆಂಚಿನಿಂದ ಡೆಲ್ಮರ್ ಕೂಗಿದರು.

"ಮೇಷ್ಟ್ರೇ, ಕೂತ್ಕೊಳ್ಳಿ." ನ್ಯಾಯಾಧೀಶೆ ಕನ್ನಡಕ ಏರಿಸಿದರು. "ಮಾತಾಡೋ ಹಕ್ಕಿರೋನಿಗೆ ಸುಮ್ಮನಿರೋ ಹಕ್ಕೂ ಇದೆ. ಏನು ಬರೆದಿದೆ ಅಂತ ನೋಡ್ಕೊಂಡು ಒಬ್ಬರಿಗೆ ಪರ್ಮಿಟ್ ಬೇಕು, ಇನ್ನೊಬ್ಬರಿಗೆ ಬೇಡ ಅನ್ನೋದು ಸಂವಿಧಾನಕ್ಕೆ ವಿರುದ್ಧ. ಕೇಸು ವಜಾ."

ಖಾಲಿ ಉತ್ತರಪತ್ರಿಕೆ ಕೊಟ್ಟು ಮೊದಲ ದರ್ಜೆಯಲ್ಲಿ ಪಾಸಾದವನಂತೆ ವೆಂಡಲ್ ಹೊರಬಂದ. ಸಂಜೆಯವರೆಗೆ ಡಿಪೋದಲ್ಲಿ ಶಿಳ್ಳೆ ಹಾಕಿಕೊಂಡೇ ಹಲಗೆ ಜೋಡಿಸಿದ.

ಐದಕ್ಕೆ ಮನೆಗೆ ಬಂದರೆ ಬೀದಿಯ ಒಂದು ಸಾಲಿನ ಉದ್ದಕ್ಕೂ ಬಿಳಿ ಬೋರ್ಡು. ಅತ್ತೆ ಕೈಯಲ್ಲಿ ಸುತ್ತಿಗೆ.

"ಭೇಷ್ ಅಳಿಯಂದ್ರೇ! ಎಂಥಾ ತೀರ್ಪು, ಎಂಥಾ ಪ್ರಚಾರ! ಇದ್ದ ಬೋರ್ಡಿಗೆಲ್ಲ ಬಿಳಿ ಬಳಿದ್ವಿ. ಇನ್ಮೇಲೆ ಖಾಲಿ ಬೋರ್ಡು ಅಂದ್ರೆ ಟಾಲ್ಬರ್ಟ್. ಇದಕ್ಕೆಲ್ಲ ನೀವೇ ಮೂಲಪುರುಷರು!"

ವೆಂಡಲ್‌ನ ಫೋನು ಹೊಡೆದುಕೊಂಡಿತು. ಹ್ಯಾಡಕ್.

"ಬಣ್ಣ ಒಣಗಿತೇನಯ್ಯಾ?"

"ಸಾರ್, ಅದು..."

"ಅವರದು ಖಾಲಿ ಬೋರ್ಡಾದ್ರೆ, ನಮ್ಮೋರೆಲ್ಲ ಬೋರ್ಡನ್ನೇ ಕಿತ್ತುಹಾಕಿದಾರೆ. ಇನ್ಮೇಲೆ ಖಾಲಿ ಅಂಗಳ ಅಂದ್ರೆ ಗ್ರೋಗನ್. ಹತ್ತು ನಿಮಿಷಕ್ಕೆ ಆ ಕಡೆ ಬರ್ತೀನಿ, ಮೇಸ್ತ್ರಿ ಕೆಲಸದ ವಿಚಾರ ಮಾತಾಡೋಣ."

ಅತ್ತೆ ಪಕ್ಕದ ಅಂಗಳಕ್ಕೆ ತಿರುಗಿದ ತಕ್ಷಣ ವೆಂಡಲ್ ಬೋರ್ಡಿಗೆ ಕೈ ಹಾಕಿ ಎಳೆದ. ಅರ್ಧ ಬಂತು. ಅತ್ತೆ ಇತ್ತ ತಿರುಗಿದರು. ಅವನು ಅಲ್ಲೇ ನಿಂತ. ಬೋರ್ಡು ಕುಡಿದವನ ಹಾಗೆ ಅವನ ಭುಜಕ್ಕೆ ಒರಗಿತು.

"ಮೇಷ್ಟ್ರೇ," ಬೇಲಿಯಾಚೆ ಪಿಸುಗುಟ್ಟಿದ, "ಅರ್ಧ ಕಿತ್ತಿದ್ರೆ ಯಾರ ಕಡೆ?"

ಡೆಲ್ಮರ್ ಜೇಬಿನಿಂದ ಪುಸ್ತಕ ತೆಗೆದು ಹುಡುಕತೊಡಗಿದರು. ಅಷ್ಟರಲ್ಲಿ ಸ್ಟಬ್ಸ್‌ನ ಕಾರು ಬಂದು ನಿಂತಿತು. ಅವನು ಬೋರ್ಡಿನಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಅದು ಎಷ್ಟು ವಾಲಿದೆ ಎಂದು ಟೇಪು ಹಿಡಿದು ಅಳೆದ.

"ವಾಲಿರೋ ಬೋರ್ಡಿಗೆ ಬೇರೆ ಕಲಮು ಇದೆ ಕ್ರೌಸ್ ಅವ್ರೇ," ಎನ್ನುತ್ತ ನೋಟಿಸು ಹರಿದುಕೊಟ್ಟ. "ಇದಕ್ಕೆ ಸಂವಿಧಾನದ್ದೇನೂ ತಕರಾರಿಲ್ಲ."