ಮಾವನ ಬೆಳ್ಳಿ ಕೈ

ನಮ್ಮ ಸೋದರಮಾವನಷ್ಟು ಬೆಳ್ಳಿಯನ್ನು ಮೈಗೆ ಹಚ್ಚಿಕೊಂಡವರು ಇಡೀ ಡೊಂಬಿವಲಿಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಅವರ ಕೈ ಕುಲುಕಲು ಜನ ಹಿಂಜರಿಯುತ್ತಿದ್ದರು! ಆ ಬೆಳ್ಳಿ ಇದ್ದದ್ದು ಹತ್ತು ಬೆರಳುಗಳ ಚರ್ಮದೊಳಗೆ, ಬಣ್ಣ ಇದ್ದಿಲಿನದು.

ಉಡುಪಿಯಿಂದ ಬಂದ ನಮ್ಮ ಬಂಧುಗಳೆಲ್ಲ ಹೋಟೆಲು ಹಿಡಿದರು. ಮಾವ ಹಿಡಿದದ್ದು ಸಿಲ್ವರ್ ನೈಟ್ರೇಟ್. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಅದನ್ನು ತಯಾರಿಸುವುದನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಶುದ್ಧ ಬೆಳ್ಳಿಯನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರು. ಕೆಂಗಂದು ಹೊಗೆ ಎದ್ದು ಕೊಳವೆಯಲ್ಲಿ ಹೊರಗೆ ಹೋಯಿತು. ಬೆಳ್ಳಿ ಕರಗಿ ಬರೀ ನೀರಿನಂತೆ ಕಂಡಿತು. ಅದನ್ನು ಕಾಯಿಸಿ ಆರಿಸಿದಾಗ ಕಲ್ಲುಸಕ್ಕರೆಯಂಥ ಹರಳುಗಳು ಬಂದವು. ಬೆಳಕು ತಾಗಿದರೆ ಕಪ್ಪಾಗುತ್ತದೆ, ಚರ್ಮಕ್ಕೆ ಹತ್ತಿದ್ದೂ ಅಷ್ಟೇ ಎಂದು ಅವನ್ನು ಕಂದು ಬಾಟಲಿಗೆ ತುಂಬಿದರು.

ಇಷ್ಟನ್ನು ನೋಡಲು ನಾನು ಮೂರು ಸಲ ಕೈ ತೊಳೆಯಬೇಕಾಯಿತು!

"ಬೆಳಿಗ್ಗೆ ಉಪ್ಪಿನಕಾಯಿ ತಿಂದಿದ್ದೀಯಾ?" ಎಂದು ಮಾವ ಬಾಗಿಲಲ್ಲೇ ತಡೆದರು.

"ಸ್ವಲ್ಪ ತಿಂದೆ, ಮಾವ."

"ಹಾಗಾದರೆ ದೂರ ನಿಲ್ಲು. ಉಪ್ಪಿನ ಕೈ ಒಂದು ತಾಗಿದರೆ ಸಾಕು, ನನ್ನ ಮಾಲು ಮಜ್ಜಿಗೆ ಆಗ್ತದೆ."

ಹೋಟೆಲಿನವರ ವಂಶದಲ್ಲಿ ಉಪ್ಪಿನ ವೈರಿ ಹುಟ್ಟಿದ್ದರೆ ಅದು ಇವರೊಬ್ಬರೇ! ಕೈಗೆ ಗ್ಲೌಸನ್ನಾದರೂ ಹಾಕುತ್ತಿದ್ದರೇ? ಇಲ್ಲ. "ಗ್ಲೌಸ್ ಹಾಕಿದರೆ ಹರಳಿನ ಗುಣ ಗೊತ್ತಾಗುವುದಿಲ್ಲ ಮಾರಾಯ್ತಿ" ಎಂದು ಅತ್ತೆಯ ಬಾಯಿ ಮುಚ್ಚಿಸುತ್ತಿದ್ದರು.

ಒಂದು ಚುನಾವಣೆಯಲ್ಲಿ ಮತಗಟ್ಟೆಯ ಅಧಿಕಾರಿ ಶಾಯಿ ಹಚ್ಚಲು ಮಾವನ ಕೈ ಹಿಡಿದವನು ಹಾಗೇ ನಿಂತ. ಎಲ್ಲ ಬೆರಳುಗಳೂ ಮೊದಲೇ ಕಪ್ಪು! "ಕಾಕಾ, ದಹಾ ವೇಳಾ ಮತ ದಿಲಂತ ಕಾ?" ಹತ್ತು ಸಲ ಮತ ಹಾಕಿದಿರಾ ಎಂಬ ಆ ಪ್ರಶ್ನೆಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವ ನಗಲಿಲ್ಲ. ಆ ಶಾಯಿಯೊಳಗೆ ಇರುವುದೂ ಇದೇ ಸಿಲ್ವರ್ ನೈಟ್ರೇಟ್ ಎಂದು ಮರಾಠಿಯಲ್ಲಿ ಹತ್ತು ನಿಮಿಷ ಪಾಠ ಮಾಡಿದರು. ಕೊನೆಗೆ ಆತ ಕನ್ನಡಕ ಏರಿಸಿಕೊಂಡು ಬೆರಳಿನಲ್ಲಿ ಖಾಲಿ ಜಾಗ ಹುಡುಕಿದ!

ಆದರೆ ನನ್ನ ಮದುವೆಯ ಮಾತು ಬಂದಾಗ ಆ ಕೈ ತಮಾಷೆಯಾಗಿ ಉಳಿಯಲಿಲ್ಲ. ನನ್ನ ತಂದೆ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಸಾಕಿದವರು ಮಾವ, ಧಾರೆ ಎರೆಯಬೇಕಾದವರೂ ಅವರೇ. ಪಕ್ಕದ ಊರು ಕಲ್ಯಾಣದಿಂದ ಬಂದ ಹುಡುಗನ ದೊಡ್ಡಮ್ಮ ಆ ಬೆರಳುಗಳನ್ನು ಬಹಳ ಹೊತ್ತು ನೋಡಿ, "ಶುಭಕಾರ್ಯಕ್ಕೆ ಇಂಥ ಕೈಯಾ? ಠಾಣೆಯಲ್ಲಿ ಹೋಟೆಲು ಇಟ್ಟ ಇನ್ನೊಬ್ಬ ಮಾವ ಇದ್ದಾರಲ್ಲ, ಅವರು ಎರೆಯಲಿ" ಎಂದರು.

ಮಾವ ಮರುದಿನವೇ ರಜೆ ಹಾಕಿದರು. ಬೆಳ್ಳಿಯ ಕಲೆ ತೊಳೆದರೆ ಹೋಗುವುದಿಲ್ಲ, ಚರ್ಮ ಬದಲಾಗಬೇಕು. ಮೂರು ವಾರದಲ್ಲಿ ಅವರ ಬೆರಳು ಬೆಳ್ಳಗಾದವು. ಅತ್ತೆ ಅದನ್ನು ನೆರೆಹೊರೆಗೆಲ್ಲ ತೋರಿಸಿ ಬಂದರು!

ಮದುವೆಗೆ ಎರಡು ದಿನ ಇರುವಾಗ ಕಾರ್ಖಾನೆಯ ಮಾಲೀಕರು ಬಾಗಿಲಿಗೆ ಬಂದರು. ಅವಸರದಲ್ಲಿ ಅವರೇ ಪಾತ್ರೆಗೆ ನಲ್ಲಿನೀರು ಹಾಕಿ, ಅದರೊಳಗಿನ ಉಪ್ಪಿಗೆ ಮಾಲೆಲ್ಲ ಬೆಳ್ಳಗೆ ಕದಡಿ ಹೋಗಿತ್ತು. ಮಾವ ಅಂಗಿ ತೊಟ್ಟರು.

"ಹೋಗಬೇಡಿ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೇನೆ" ಎಂದರು ಅತ್ತೆ.

"ಕಾಲೇಜಿನ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಉಪ್ಪು ಪತ್ತೆ ಮಾಡಲು ಹೋಗುವ ಮಾಲು ಅದು. ಅದರಲ್ಲೇ ಉಪ್ಪಿದ್ದರೆ ಮಕ್ಕಳ ಉತ್ತರ ತಪ್ಪಾಗ್ತದೆ. ಅವರು ಫೇಲ್ ಆಗಬೇಕಾ?"

ಮರುದಿನ ಹಿಂದಿರುಗಿದಾಗ ಮಾಲು ಶುದ್ಧವಾಗಿತ್ತು. ಕೈ ಕಪ್ಪಾಗಿತ್ತು.

ಮದುವೆಯ ಮಂಟಪಕ್ಕೆ ಮಾವ ಬಿಳಿ ಗ್ಲೌಸ್ ಹಾಕಿಕೊಂಡು ಬಂದರು. ಅತ್ತೆ ಬ್ಯಾಂಡಿನವರಿಂದ ಕೇಳಿ ತಂದದ್ದು! ಪುರೋಹಿತರು, "ಇದನ್ನು ಹಾಕಿಕೊಂಡು ಧಾರೆ ಆಗುವುದಿಲ್ಲ" ಎಂದರು. ದೊಡ್ಡಮ್ಮ ಠಾಣೆಯ ಮಾವನತ್ತ ತಿರುಗಿದರು. ಅವರು ಎದ್ದು ಶಾಲು ಸರಿಮಾಡಿಕೊಂಡರು. ನಮ್ಮ ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆಯನ್ನು ನಾನು ನೋಡಿದೆ.

"ನನ್ನ ಮಾವನೇ ಎರೆಯಬೇಕು. ಇಲ್ಲದಿದ್ದರೆ ನಾನು ಏಳುತ್ತೇನೆ" ಎಂದೆ.

ಮೊದಲು ಮಾತಾಡಿದವರು ನನ್ನ ಪಕ್ಕದಲ್ಲಿದ್ದ ಹುಡುಗ: "ದೊಡ್ಡಮ್ಮ, ಅವರೇ ಎರೆಯಲಿ."

ಮಾವ ಗ್ಲೌಸ್ ತೆಗೆದರು. ನಂತರ ಏನು ಮಾಡಿದರು ಗೊತ್ತೇ? ಜೇಬಿನಿಂದ ಪುಟ್ಟ ಕಂದು ಬಾಟಲಿ ತೆಗೆದು, ಅಂಗೈಯಲ್ಲಿ ಧಾರೆಯ ನೀರು ತೆಗೆದುಕೊಂಡು ಅದಕ್ಕೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿಟ್ಟರು. ನೀರು ಹಾಲಿನಂತಾಯಿತು. "ಗಂಗಾಜಲ ಅಲ್ಲ ಭಟ್ರೇ, ಮುನಿಸಿಪಾಲಿಟಿ ನೀರು. ಅಡ್ಡಿಯಿಲ್ಲ, ನಡೆಸಿ!" ಸಭೆಯೆಲ್ಲ ನಕ್ಕಿತು. ಅದೇ ಒದ್ದೆ ಕೈಯಲ್ಲಿ ಅವರು ನನ್ನ ಕೈ ಹಿಡಿದು ಧಾರೆ ಎರೆದರು. ಹಿಡಿತ ಬಿಗಿಯಾಗಿತ್ತು.

ಮರುದಿನ ಕಲ್ಯಾಣದ ಮನೆಯ ಗ್ಯಾಲರಿಯಲ್ಲಿ ಬಿಸಿಲಿಗೆ ಬಟ್ಟೆ ಹರಡುತ್ತಿದ್ದೆ. ನೋಡನೋಡುತ್ತ ನನ್ನ ಮುಂಗೈ ಮೇಲೆ ನಾಲ್ಕು ಬೆರಳು, ಒಳಗಡೆ ಒಂದು ಹೆಬ್ಬೆರಳು ಕಂದಾಗಿ ಮೂಡಿ, ನಿಧಾನವಾಗಿ ಕಪ್ಪಾದವು.

"ಇದೆಂತದು, ಮೆಹಂದಿಯಾ?" ಎಂದರು ದೊಡ್ಡಮ್ಮ.

"ಅಲ್ಲ. ಮಾವ ಹಿಡಿದುಕೊಂಡಿದ್ದ ಜಾಗ."

ಗುರುತು ಹೋಗಲು ಹದಿನಾಲ್ಕು ದಿನ ಬೇಕಾಯಿತು. ಅಷ್ಟೂ ದಿನ ನಾನು ಆ ಕೈಯನ್ನು ಉಜ್ಜಿ ತೊಳೆಯಲಿಲ್ಲ. ಎಲ್ಲಕ್ಕಿಂತ ಕೊನೆಗೆ ಹೋದದ್ದು ಹೆಬ್ಬೆರಳು.